ಎರಡೆರಡು ಸಲ ಹೇಳುವವಳು

ಎಲ್ಲರೂ ಕೈ ಎತ್ತಿದ್ದಾರೆ, ಯಾವುದಕ್ಕೋ ಒಪ್ಪಿಗೆ ಕೊಡುವವರ ಹಾಗೆ, ಕೆಳಗೆ ಮೂರೂ ಪ್ಲಾಟ್‌ಫಾರ್ಮುಗಳ ತುಂಬ ಕೈಗಳೇ ಕೈಗಳು, ಒಂದೊಂದು ಕೈಯಲ್ಲಿ ಒಂದೊಂದು ಫೋನು, ಇವರಿಗೆಲ್ಲ ಇದ್ದಕ್ಕಿದ್ದ ಹಾಗೆ ಇಷ್ಟೊಂದು ಒಗ್ಗಟ್ಟು ಎಲ್ಲಿಂದ ಬಂತಪ್ಪಾ ಎಂದುಕೊಂಡಳು ಗಮನಕ್ಕ, ಪ್ರಕಟಣೆಯ ಗಾಜಿನ ಗೂಡಿನಲ್ಲಿ ಕೂತು, ಬಾಯಲ್ಲಿ ಅರ್ಧ ಬಿಸ್ಕತ್ತು, ಉಳಿದರ್ಧ ಟೀಯಲ್ಲಿ ಮುಳುಗಿಹೋಯಿತು, ಹೋಗಲಿ — ಗಡಿಯಾರ ನೋಡಿದರೆ ನಾಲ್ಕು, ಓಹೋ, ಇದಾ ಸಮಾಚಾರ, ಬೆಳಿಗ್ಗೆ ಸ್ಟೇಷನ್ ಮಾಸ್ತರು ಹೇಳಬಾರದು ಹೇಳಬಾರದು ಎನ್ನುತ್ತಲೇ ಹೇಳಿಬಿಟ್ಟಿದ್ದರಲ್ಲ, ಅವರ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದುಂಟೆ, ನೋಡಮ್ಮ, ನಾಲ್ಕು ಗಂಟೆಗೆ ಫೋನಿನ ಟವರು ನಿಲ್ಲಿಸ್ತಾರಂತೆ, ಸ್ಟೇಷನ್ನೂ ಸುತ್ತಮುತ್ತಲ ಬೀದಿಗಳೂ ಅಷ್ಟೆ, ಮೇಲಿನಿಂದ ಆರ್ಡರಾಗಿದೆ, ಐದು ಗಂಟೆಗೆ ಆ ಧರಣಿಯವರು ಬರ್ತಾರಲ್ಲ, ಅವರು ಒಬ್ಬರನ್ನೊಬ್ಬರು ಕರೆದುಕೊಂಡು ಒಂದು ಕಡೆ ಸೇರಬಾರದು ಅಂತ, ನನಗೇನೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ, ತಿಳೀತಾ. ಗೊತ್ತಿಲ್ಲ ಅನ್ನೋದು ತಿಳೀತು ಸರ್, ಅಂದಿದ್ದಳು ಅವಳು. ಈಗ ನೋಡು, ನೆಗಡಿ ಬಂತು ಅಂತ ಮೂಗು ಕೊಯ್ದರಂತೆ, ಅದೂ ತಮ್ಮದಲ್ಲ, ಊರವರದು — ಒಬ್ಬ ಫೋನಿಗೆ ಬಾಯಿಂದ ಗಾಳಿ ಊದುತ್ತಿದ್ದಾನೆ, ಒಬ್ಬಳು ಸಿಮ್ ತೆಗೆದು ಅಂಗಿಗೆ ಉಜ್ಜುತ್ತಿದ್ದಾಳೆ, ಕಂಬದ ಹತ್ತಿರ ಒಬ್ಬರು ದಪ್ಪಗಿರುವವರು ನಿಂತಲ್ಲೇ ಸುತ್ತು ಹೊಡೆಯುತ್ತಿದ್ದಾರೆ, ಸಿಗ್ನಲ್ಲು ಬೆನ್ನ ಹಿಂದೆ ಅಡಗಿ ಕೂತಿದೆಯೋ ಏನೋ — ತಮಾಷೆ ಎಂದರೆ ಎಲ್ಲರೂ ತಂತಮ್ಮ ಫೋನು ನೋಡಿಕೊಳ್ಳುತ್ತಿದ್ದಾರೆ, ಪಕ್ಕದವನ ಫೋನು ಏನಾಗಿದೆ ಎಂದು ಯಾರೂ ಕೇಳುತ್ತಿಲ್ಲ, ಕೆಟ್ಟಿರುವುದು ತನ್ನದೇ ಎಂದು ಒಬ್ಬೊಬ್ಬರ ಮುಖದಲ್ಲೂ ಒಂದು ಸಣ್ಣ ನಾಚಿಕೆ. ಬಿಸ್ಕತ್ತಿನ ಅರ್ಧವನ್ನು ಚಮಚದಲ್ಲಿ ಎತ್ತಿ ತಿಂದಳು.

ಮತ್ತೆ ಅಲ್ಲಿ, ಎರಡನೇ ಪ್ಲಾಟ್‌ಫಾರ್ಮಿನ ಕಬ್ಬಿಣದ ಬೆಂಚಿನ ಮೇಲೆ, ಅತ್ತೆ. ಒಬ್ಬರೇ. ಐದಕ್ಕೆ ಧರಣಿ ಅಂದರೆ ಮೂರೂವರೆಗೇ ಬಂದು ಕೂತಿದ್ದಾರೆ, ಅವರು ಯಾವ ರೈಲಿಗೂ ಹೊತ್ತಿಗೆ ಸರಿಯಾಗಿ ಬಂದವರಲ್ಲ, ಮುಂಚೆಯೇ ಬಂದು ರೈಲನ್ನು ಎದುರುಗೊಂಡವರು, ತೊಡೆಯ ಮೇಲೆ ರಟ್ಟಿನ ಫಲಕ, ಕವುಚಿ ಇಟ್ಟಿದ್ದಾರೆ, ಅಂಕಪಟ್ಟಿ ಬಚ್ಚಿಟ್ಟುಕೊಂಡ ಹುಡುಗಿಯ ಹಾಗೆ — ಕೊನೆಯ ರೈಲು ನಮ್ಮದು, ಬಿಡುವುದಿಲ್ಲ — ಅಕ್ಷರ ಬರೆದುಕೊಟ್ಟವಳು ಇದೇ ಗಮನಕ್ಕ, ಊಟದ ಮೇಜಿನ ಮೇಲೆ, ಕಿಟಕಿಗೆ ಬಳಿದು ಉಳಿದ ಬಣ್ಣದಲ್ಲಿ, ಏನೇ ಇದು, ಅಕ್ಷರಗಳೆಲ್ಲ ರೈಲು ಹಿಡಿಯೋಕೆ ಓಡ್ತಾ ಇದಾವೆ, ಅಂದಿದ್ದರು ಅತ್ತೆ, ಓಡಲಿ ಬಿಡಿ ಅತ್ತೆ, ಹೊತ್ತಾಗಿದೆಯಲ್ಲ ಅಂದಿದ್ದಳು ಇವಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ತಲೆ ಬೆಳ್ಳಗಾಗುವವರೆಗೆ ದುಡಿದವರು ಅವರು, ಹಬೆಯಲ್ಲಿ ಬೆಂದು, ಕೊನೆಯ ರೈಲಿನಲ್ಲಿ ಮನೆಗೆ ಬಂದು, ಮಲಗಿದ್ದ ಮಗನ ಹಣೆ ಮುಟ್ಟಿ ನೋಡಿ ತಾವೂ ಮಲಗಿದವರು, ಆ ರೈಲೇ ನನ್ನ ಮಗನ್ನ ಸಾಕಿದ್ದು ಅನ್ನುತ್ತಾರೆ, ಆ ಮಗ, ಅಂದರೆ ಇವಳ ಗಂಡ, ಊರಿನ ಅರ್ಧ ತಲೆಗಳನ್ನು ಕತ್ತರಿಸುವ ಕ್ಷೌರಿಕ, ಈ ಬೆಳಿಗ್ಗೆ ಕನ್ನಡಿ ಒರೆಸುತ್ತ ಹೇಳಿದ, ಒಳ್ಳೇದಾಯ್ತು, ಇವತ್ತು ನಮ್ಮ ಮನೇದು ಒಂದು ಗಾಜಿನ ಒಳಗೆ, ಒಂದು ಗಾಜಿನ ಹೊರಗೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ, ನಮ್ಮದು ಒಂದೇ ಸ್ಟೇಷನ್ನಿನಲ್ಲಿ ಎರಡೂ ಕಾಲ. ಈಗ ಆ ರೈಲನ್ನೇ ತೆಗೆಯುತ್ತಾರಂತೆ, ಅದರಲ್ಲಿ ಹೋಗುವವರು ಯಾರು ಮಹಾ, ದಾದಿಯರು, ಪಾತ್ರೆ ತೊಳೆಯುವವರು, ನೆಲ ಒರೆಸುವವರು. ಯಾವ ಪ್ಲಾಟ್‌ಫಾರ್ಮಿನಲ್ಲಿ ಕೂರೋದು ಅಂತ ನಾಲ್ಕೂವರೆಗೆ ಫೋನಿನಲ್ಲಿ ಹೇಳ್ತಾರಂತೆ ಕಣೆ, ಮೊದಲೇ ಹೇಳಿದ್ರೆ ಹೋದ ಸಲದ ಹಾಗೆ ಪೊಲೀಸಿನವರೇ ಮುಂದಾಗಿ ಬಂದು ಕೂತುಬಿಡ್ತಾರೆ, ಎಂದು ಪಿಸುಗುಟ್ಟಿದ್ದರು ಅತ್ತೆ, ಮನೆಯಲ್ಲಿ ಮೂರೇ ಜನ ಇದ್ದರೂ ಪಿಸುಗುಟ್ಟಿದ್ದರು, ಆಮೇಲೆ ಫೋನನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕಿಟ್ಟರು. ಈಗ ಆ ಕರವಸ್ತ್ರ ಬಿಚ್ಚಿದೆ, ಫೋನು ಎಡಗೈಯಲ್ಲಿ ಬೋರಲಾಗಿ ಮಲಗಿದೆ, ಬಲಗೈಯ ಎರಡು ಬೆರಳಲ್ಲಿ ಅದರ ಬೆನ್ನು ತಟ್ಟುತ್ತಿದ್ದಾರೆ, ತಟ್, ತಟ್, ಹಾಲು ಕುಡಿದ ಮಗುವಿಗೆ ತೇಗು ಬರಿಸುವ ಹಾಗೆ. ಹೋದ ವಾರ ಅದು ಬಟ್ಟೆ ನೆನೆಹಾಕಿದ ಬಕೆಟಿಗೆ ಬಿದ್ದಿತ್ತು, ಎರಡೇ ನಿಮಿಷ, ರಿಪೇರಿಯವನು ಒಣಗಿಸಿ ಸರಿಯಾಗಿದೆ ತಗೊಳ್ಳಿ ಅಜ್ಜಿ ಅಂದ, ಆದರೂ ಅವರಿಗೆ ನಂಬಿಕೆ ಇಲ್ಲ, ಆವತ್ತಿನಿಂದ ಫೋನು ಸ್ವಲ್ಪ ಕೆಮ್ಮಿದರೂ ನನ್ನಿಂದಲೇ ಕೆಟ್ಟಿತು ನನ್ನಿಂದಲೇ ಕೆಟ್ಟಿತು ಎಂದು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಕೆಟ್ಟಿಲ್ಲ ಅತ್ತೆ, ಎಂದಳು ಗಮನಕ್ಕ ಗಾಜಿಗೆ, ಗಾಜು ದಪ್ಪ, ಮೈಕಿನ ಕೆಂಪು ದೀಪ ಆರಿತ್ತು, ಆ ಮಾತು ಗೂಡಿನೊಳಗೇ ಉಳಿಯಿತು.

ಟಿಂಗ್ ಟಾಂಗ್, ನಾಲ್ಕು ಹತ್ತರದು ಬರಬೇಕು, ಗುಂಡಿ ಒತ್ತಿದಳು, ದೀಪ ಹೊತ್ತಿತು, ಪ್ರಯಾಣಿಕರ ಗಮನಕ್ಕೆ, ಬಂದರಿಗೆ ಹೋಗುವ ಗಾಡಿ ಒಂದನೇ ಪ್ಲಾಟ್‌ಫಾರ್ಮಿಗೆ ಬರಲಿದೆ, ಒಂದು ಉಸಿರು, ಪ್ರಯಾಣಿಕರ ಗಮನಕ್ಕೆ, ಬಂದರಿಗೆ ಹೋಗುವ ಗಾಡಿ — ಇದೇ ಮಾತನ್ನು ಹೇಳೀ ಹೇಳೀ ಅಪ್ಪ ಅಮ್ಮ ಇಟ್ಟ ಹೆಸರು ಸವೆದುಹೋಯಿತು, ಊರಿಗೆಲ್ಲ ಅವಳು ಗಮನಕ್ಕ, ಇಟ್ಟ ಹೆಸರು ಹಿಡಿದು ಕರೆಯುವವರು ಈಗ ಬ್ಯಾಂಕಿನವರು ಮಾತ್ರ. ಎರಡು ಸಲ, ಯಾವಾಗಲೂ ಎರಡು ಸಲ, ಅದು ಕಲಿಸಿದವರು ಪೆಪ್ಪರಮೆಂಟು ಗುರುಗಳು, ಅವಳಿಗಿಂತ ಮುಂಚೆ ಈ ಗೂಡಿನಲ್ಲಿದ್ದವರು, ಕೆನ್ನೆಯಲ್ಲಿ ಸದಾ ಒಂದು ಪೆಪ್ಪರಮೆಂಟು, ದೀಪ ಹೊತ್ತಿದಾಗ ಎಡಗೆನ್ನೆಗೆ, ಆರಿದಾಗ ಬಲಗೆನ್ನೆಗೆ, ಕೇಳು ಮಗಳೇ, ಮೊದಲನೇ ಸಲ ಹೇಳೋದು ಕಿವಿಗೆ, ಎರಡನೇ ಸಲ ಹೇಳೋದು ತಲೆಗೆ, ಒಂದೇ ಸಲ ಹೇಳಿ ಎದ್ದುಹೋಗೋನು ಪ್ರಕಟಣೆ ಮಾಡೋನಲ್ಲ, ಕೂಗಿ ಓಡೋನು, ಮತ್ತೆ ಮಧ್ಯೆ ಒಂದು ಉಸಿರು ಬಿಡು, ಜನ ಆ ಉಸಿರಲ್ಲೇ ತಲೆ ಎತ್ತೋದು. ಆ ಚಟ ಮೈಗೆ ಹತ್ತಿ ಮನೆಯಲ್ಲೂ ಬಿಡಲಿಲ್ಲ, ಊಟಕ್ಕೆ ಬನ್ನಿ, ಊಟಕ್ಕೆ ಬನ್ನಿ, ಒಂದು ಸಲ ಹೇಳಿದ್ರೆ ಸಾಕು ಕಣೆ, ನಾನೇನು ರೈಲಲ್ಲ ಎನ್ನುತ್ತಾರೆ ಅತ್ತೆ. ಆ ಕ್ಷೌರಿಕ ಅಂಗಡಿಯ ಬಾಗಿಲಲ್ಲಿ ನಿಂತು ನನ್ನ ಮದುವೆ ಆಗ್ತೀಯಾ ಎಂದು ಕೇಳಿದಾಗಲೂ ಅಷ್ಟೆ, ಆಗ್ತೀನಿ, ಒಂದು ಉಸಿರು, ಆಗ್ತೀನಿ — ಆ ಉಸಿರಿನಲ್ಲಿ ನನ್ನ ಜೀವ ಅರ್ಧ ಹೋಗಿತ್ತು ಎಂದು ಈಗಲೂ ಗಿರಾಕಿಗಳಿಗೆಲ್ಲ ಹೇಳುತ್ತಾನೆ, ಕತ್ತರಿ ಕೈಯಲ್ಲಿ ಹಿಡಿದು. ಅತ್ತೆ ಈ ಸ್ಟೇಷನ್ನಿಗೆ ಬಂದರೆ ಸ್ಪೀಕರಿಗೆ ಉತ್ತರ ಕೊಡುತ್ತಾರೆ, ಬಾಯಿಬಿಟ್ಟು, ಸರಿ ಕಣಮ್ಮ, ಬರ್ಲಿ, ನೋಡ್ಕೋತೀನಿ, ಎಂದು ಗೂಡಿನ ಕಡೆ ಕೈ ಎತ್ತುತ್ತಾರೆ, ಪಕ್ಕದಲ್ಲಿ ಕೂತವರಿಗೆ ಹೇಳುತ್ತಾರೆ, ನನ್ನ ಸೊಸೆ, ಮೈಕಲ್ಲಿ ಒಂದು ಸುಳ್ಳು ಹೇಳಲ್ಲ, ಮನೇಲಿ ಬೇಕಾದ್ರೆ ಹೇಳ್ತಾಳೆ. ಮನೆಯಲ್ಲಿ ಹೇಳುವುದು ನಿಜ, ಒಡೆದ ಟೀ ಬಸಿ ಬೆಕ್ಕಿನ ಲೆಕ್ಕಕ್ಕೆ ಹೋಗಿದೆ, ಬೆಕ್ಕೂ ಒಪ್ಪಿಕೊಂಡಿದೆ.

ಬಾಗಿಲು ತಟ್ಟಿದ್ದು ಯಾರು ಎಂದು ನೋಡಿದರೆ ಆ ಸುತ್ತು ಹೊಡೆಯುತ್ತಿದ್ದ ದಪ್ಪಗಿರುವವರು, ಮೆಟ್ಟಿಲು ಹತ್ತಿ ಏದುಸಿರು, ಅಕ್ಕಾ ನನ್ನ ಹೆಂಡತಿ ಎಲ್ಲೋ ಕೆಳಗಡೆ, ನಾನು ಮೇಲ್ಗಡೆ, ಎರಡೂ ಟಿಕೆಟ್ಟು ನನ್ನ ಹತ್ತಿರ, ಫೋನು ಕೆಟ್ಟಿದೆ, ಒಂದು ಮಾತು ಮೈಕಲ್ಲಿ — ಕಳೆದುಹೋದವರದು ಮಾತ್ರ ಹೇಳಬಹುದು, ನಿಯಮ ಅದು, ಕಳೆದುಹೋಗಿರೋದು ನೀವಾ ಅವರಾ ಎಂದು ಕೇಳಿದಳು ಗಮನಕ್ಕ, ಅವರು ಯೋಚಿಸಿದರು, ನಮ್ಮಿಬ್ಬರಲ್ಲಿ ಒಬ್ಬರಂತೂ ಹೌದು ಎಂದರು, ಸರಿ, ಅಷ್ಟು ಸಾಕು, ಟಿಂಗ್ ಟಾಂಗ್, ಟಿಕೆಟ್ಟಿಲ್ಲದ ಯಜಮಾನಿಯವರ ಗಮನಕ್ಕೆ, ನಿಮ್ಮ ಯಜಮಾನರು ದೊಡ್ಡ ಗಡಿಯಾರದ ಕೆಳಗೆ ಕಾಯುತ್ತಿದ್ದಾರೆ, ಎರಡು ಸಲ. ಅಷ್ಟೇ, ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ ಮೆಟ್ಟಿಲ ತುಂಬ ಸಾಲು, ಇಷ್ಟು ಹೊತ್ತು ತಂತಮ್ಮ ಫೋನು ಉಜ್ಜುತ್ತಿದ್ದವರು ಈಗ ಒಬ್ಬರ ಹಿಂದೆ ಒಬ್ಬರು ನಿಂತು ಮಾತಾಡುತ್ತಿದ್ದಾರೆ, ನಿಮ್ದೂ ಹೋಗಿದೆಯಾ, ನನ್ದೂ ಹೋಗಿದೆ, ಎಲ್ಲರೂ ಕಳೆದುಹೋದವರೇ, ನಿಯಮಕ್ಕೆ ಏನೂ ಕುಂದಿಲ್ಲ — ಬೂದು ಟೋಪಿಯ ತಾತನವರ ಗಮನಕ್ಕೆ, ನಿಮ್ಮ ಹಲ್ಲಿನ ಸೆಟ್ಟು ಮೊಮ್ಮಗಳ ಚೀಲದಲ್ಲಿದೆ, ದಯವಿಟ್ಟು ಬನ್ ಕಚ್ಚಬೇಡಿ — ಎರಡನೇ ಸಲ ಹೇಳುವಾಗ ಮೂರನೇ ಪ್ಲಾಟ್‌ಫಾರ್ಮು ಪೂರ್ತಿ ನಗುತ್ತಿತ್ತು, ತಾತ ಬನ್ನನ್ನು ಎತ್ತಿ ತೋರಿಸಿದರು, ಕಚ್ಚಿಲ್ಲ ಎನ್ನುವ ಹಾಗೆ. ಆಮೇಲೆ ಒಬ್ಬಳು ಹುಡುಗಿ, ಕೆನ್ನೆ ಕೆಂಪು, ಏನಮ್ಮ ಹೇಳಲಿ, ಹೌದು ಅಂತ ಹೇಳಿ ಅಕ್ಕ, ಅಷ್ಟೇನಾ, ಅಷ್ಟೇ, ನಾಲ್ಕಕ್ಕೆ ಸ್ವಲ್ಪ ಮುಂಚೆ ಅವನು ಕೇಳಿದ್ದ, ನಾನು ಬರೆದದ್ದು ಹೋಗಲೇ ಇಲ್ಲ, ಹಸಿರು ಸ್ಕಾರ್ಫು ಹಾಕಿದಾನೆ, ಅಲ್ಲಿ ನಿಂತು ಏನೇನು ಅಂದ್ಕೋತಿದಾನೋ. ಹಸಿರು ಸ್ಕಾರ್ಫಿನವರ ಗಮನಕ್ಕೆ, ಉತ್ತರ ಹೌದು. ಒಂದು ಉಸಿರು. ಆ ಉಸಿರಿನಲ್ಲಿ ಹಸಿರು ಸ್ಕಾರ್ಫಿನವರು ಮೂವರು ತಲೆ ಎತ್ತಿದ್ದು ಕಾಣಿಸಿತು, ಒಬ್ಬರಂತೂ ಅಜ್ಜಿ, ಅವರ ಮುಖವೂ ಅರಳಿತ್ತು, ಉತ್ತರ ಹೌದು, ಆಗ ಒಬ್ಬ ಹುಡುಗ ನಿಂತಲ್ಲೇ ನೆಲಕ್ಕೆ ಕೂತುಬಿಟ್ಟ, ಸುತ್ತಲಿನವರೆಲ್ಲ ಚಪ್ಪಾಳೆ ತಟ್ಟಿದರು, ಹುಡುಗಿ ಎರಡೆರಡು ಮೆಟ್ಟಿಲು ಹಾರಿ ಇಳಿದಳು. ಇಷ್ಟು ವರ್ಷ ರೈಲುಗಳನ್ನೇ ಕರೆದೆನಲ್ಲ ಎಂದುಕೊಂಡಳು ಗಮನಕ್ಕ, ಮೈ ಜುಮ್ಮೆಂದಿತು, ಖುಷಿ ಎಂದರೆ ಖುಷಿಯೇ, ಕಾಲುಗಳು ಮೇಜಿನಡಿ ತಾವೇ ತಾಳ ಹಾಕುತ್ತಿದ್ದವು.

ಸಾಲಿನಲ್ಲಿ ಒಬ್ಬರು ನಿಂತಿದ್ದರು, ಮಾಸಿದ ಕೋಟು, ಫೋನನ್ನು ಎದೆಗೆ ಒತ್ತಿಕೊಂಡಿದ್ದರು, ಯಾರನ್ನ ಕರೀಲಿ ಅಣ್ಣ ಎಂದರೆ ಯಾರನ್ನೂ ಬೇಡಮ್ಮ, ನನ್ನ ಹೆಂಡ್ತಿಗೆ ಇವತ್ತು ಆಪರೇಷನ್ನು, ನಾಲ್ಕಕ್ಕೆ ಮುಗೀತದೆ, ನರ್ಸಮ್ಮ ಫೋನು ಮಾಡ್ತೀನಿ ಅಂದಿದಾರೆ, ಬರ್ತದಾ ಅಂತ ಕೇಳೋಣ ಅಂತ, ಈ ಫೋನು ಹೊಸದೇ, ನನಗೆ ಸರಿಯಾಗಿ ಒತ್ತೋಕೆ ಬರಲ್ಲ, ಏನು ಒತ್ತಿ ಏನು ಮಾಡಿಬಿಟ್ಟೆನೋ. ಗೊತ್ತಿಲ್ಲ ಅನ್ನೋದು ತಿಳೀತು ಸರ್, ಬೆಳಿಗ್ಗೆ ಎಷ್ಟು ಚೆನ್ನಾಗಿತ್ತು ಆ ಮಾತು, ಈಗ ಇವರ ಮುಂದೆ ಅದನ್ನು ಹೇಳಲು ನಾಚಿಕೆಯಾಯಿತು — ಅಣ್ಣ, ಇಲ್ಲಿ ತಂತಿ ಫೋನಿದೆ, ಇದು ಕೆಲಸ ಮಾಡತ್ತೆ, ಆಸ್ಪತ್ರೆಗೆ ಹಚ್ಚಿ, ಎಂದು ಮೇಜಿನ ಮೇಲಿದ್ದ ಹಳೆಯ ಕಪ್ಪು ಫೋನನ್ನು ಕಿಂಡಿಯಿಂದ ತಳ್ಳಿದಳು, ಅವರು ಆಸ್ಪತ್ರೆಯ ನಂಬರು ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿದರು, ನಂಬರೆಲ್ಲ ಆ ಸತ್ತ ಫೋನಿನೊಳಗೇ ಇದೆಯಲ್ಲ — ಆಸ್ಪತ್ರೆಯ ಬಟ್ಟೆ ಕೋಣೆಯ ನಂಬರು ಇವಳಿಗೆ ಬಾಯಿಪಾಠ, ಅತ್ತೆ ನಿವೃತ್ತರಾಗುವವರೆಗೆ ದಿನಾ ಮಾಡುತ್ತಿದ್ದಳಲ್ಲ, ತಾನೇ ತಿರುಗಿಸಿಕೊಟ್ಟಳು, ಅಲ್ಲಿಂದ ಆಪರೇಷನ್ ವಾರ್ಡಿಗೆ ಹಾಕಿಸಿಕೊಳ್ಳಿ. ಅವರು ಮಾತಾಡಿದ್ದು ಕೇಳಿಸಲಿಲ್ಲ, ಮುಖ ಮಾತ್ರ ಕಂಡಿತು, ಮೊದಲು ಬಿಗಿದುಕೊಂಡಿದ್ದ ಮುಖ ಗಂಟು ಬಿಚ್ಚಿದ ಹಾಗೆ ಸಡಿಲವಾಯಿತು, ಚೆನ್ನಾಗಿದಾಳಂತೆ, ನೀರು ಕೇಳಿದಳಂತೆ, ಅಂದರು, ಸಾಲಿನಲ್ಲಿದ್ದ ಗುರುತಿಲ್ಲದವರೆಲ್ಲ ಅವರ ಬೆನ್ನು ಸವರಿದರು. ಅವರು ಹೋಗುವಾಗ ತಿರುಗಿ, ಹಾಗಾದ್ರೆ ಕೆಟ್ಟಿರೋದು ನಮ್ಮ ಫೋನೇ ಅಲ್ವಾಮ್ಮ ಅಂದರು. ಅವಳು ಟೀ ಲೋಟ ನೋಡಿದಳು.

ಸಾಲು ಇದ್ದಕ್ಕಿದ್ದಂತೆ ಎರಡು ಭಾಗವಾಯಿತು, ಮಧ್ಯೆ ಮಾಸ್ತರು, ಅವರ ಹಿಂದೆ ನೀಲಿ ಟೈ, ದೊಡ್ಡ ಕಚೇರಿಯವರು, ಇವರನ್ನು ಅವಳು ಬಲ್ಲಳು, ಬೇರೆ ಸ್ಟೇಷನ್ನುಗಳಲ್ಲೆಲ್ಲ ಮನುಷ್ಯರನ್ನು ಎಬ್ಬಿಸಿ ಯಂತ್ರದ ಹೆಣ್ಣುದನಿ ಕೂರಿಸಿದವರು ಇವರೇ, ಇಲ್ಲಿಗೂ ಕೂರಿಸುತ್ತೇವೆ ಎಂದಾಗ ಮಾಸ್ತರು ಕೈ ಹಿಸುಕುತ್ತ, ಸರ್ ಯಂತ್ರಕ್ಕೆ ಕಳೆದುಹೋದ ಮಕ್ಕಳನ್ನ ಸಮಾಧಾನ ಮಾಡೋಕೆ ಬರಲ್ಲ ಸರ್ ಎಂದು ಹೇಗೋ ತಪ್ಪಿಸಿದ್ದರು, ಪಾಪ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಬದುಕುವ ಮನುಷ್ಯ, ಅವಳಿಗಾಗಿ ಅಷ್ಟು ಮಾಡಿದ್ದೇ ಹೆಚ್ಚು. ಏನ್ರೀ ಇದು, ಸ್ಟೇಷನ್ನಾ ಹರಟೆ ಕಟ್ಟೆನಾ ಎಂದರು ನೀಲಿ ಟೈ, ದನಿ ಏರಿಸದೆ, ಹಲ್ಲಿನ ಸೆಟ್ಟಂತೆ, ಹೌದಂತೆ, ನಿಲ್ಲಿಸಿ ಇದನ್ನೆಲ್ಲ, ಇದನ್ನ ಓದಿ, ಸರಿಯಾಗಿ ಓದಿದ್ರೆ ನಿಮ್ಮ ಕೆಲಸದ ವಿಷಯ ನಾನೂ ಸರಿಯಾಗಿ ನೋಡ್ಕೋತೀನಿ. ಒಂದು ಚೀಟಿ. ತಾಂತ್ರಿಕ ದೋಷದಿಂದ ಕೆಲವು ಫೋನುಗಳು ಕೆಲಸ ಮಾಡುತ್ತಿಲ್ಲ, ದಯವಿಟ್ಟು ನಿಮ್ಮ ನಿಮ್ಮ ಫೋನುಗಳನ್ನು ಪರೀಕ್ಷಿಸಿಕೊಳ್ಳಿ, ಯಾರೂ ಗುಂಪುಗೂಡದೆ ಮನೆಗೆ ತೆರಳಿ. ಮೆಟ್ಟಿಲ ಮೇಲಿನಿಂದ ಒಬ್ಬಳು ಹೆಂಗಸು ಗಟ್ಟಿಯಾಗಿಯೇ ಕೇಳಿದಳು, ಅಲ್ಲ ಸ್ವಾಮಿ, ಎಲ್ಲರದ್ದೂ ಒಂದೇ ಸಲ ಹೇಗೆ ಕೆಡ್ತು, ಯಾರಾದ್ರೂ ಆಫ್ ಮಾಡಿದ್ರಾ, ಅಂದದ್ದೇ ತಡ ನೀಲಿ ಟೈ ತಮ್ಮ ಜೇಬು ಮುಟ್ಟಿ ನೋಡಿಕೊಂಡರು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಗಮನಕ್ಕನಿಗೆ ನಗು ಬಂತು, ನುಂಗಿಕೊಂಡಳು. ಸರ್, ಕೆಲವು ಅಲ್ಲವಲ್ಲ, ಎಲ್ಲವೂ, ಎಂದಳು. ಬರೆದದ್ದು ಓದಿ. ಸರ್, ನಿಮ್ಮ ಫೋನು ನೋಡಿಕೊಳ್ಳಿ ಅಂದ್ರೆ ಜನ ತಮ್ಮದೇ ತಪ್ಪು ಅಂದ್ಕೋತಾರೆ. ಅಂದ್ಕೊಳ್ಳಲಿ, ಅಂದ್ಕೊಂಡ್ರೆ ಮನೆಗೆ ಹೋಗ್ತಾರೆ, ಅಷ್ಟೇ ಬೇಕಾಗಿರೋದು. ಎಷ್ಟು ಸಲೀಸಾಗಿ ಹೇಳಿದರು, ಛತ್ರಿ ಮಡಚುವಷ್ಟು ಸಲೀಸಾಗಿ — ಕೆಳಗೆ ಗಡಿಯಾರದ ಬಳಿ ಇಬ್ಬರು ದಾದಿಯರು ಫಲಕ ಸುತ್ತಿ ಕಂಕುಳಲ್ಲಿಟ್ಟುಕೊಂಡು ಆಚೆ ಈಚೆ ನೋಡುತ್ತಿದ್ದಾರೆ, ಒಂದನೇ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಪಾತ್ರೆ ತೊಳೆಯುವ ಹೆಂಗಸರು ನಾಲ್ಕು ಜನ, ಮೂರನೆಯದರಲ್ಲಿ ಇನ್ನಷ್ಟು, ಎಲ್ಲರೂ ಬಂದೇ ಇದ್ದಾರೆ, ಯಾರಿಗೂ ಯಾರೂ ಬಂದದ್ದು ಗೊತ್ತಿಲ್ಲ, ಮಧ್ಯೆ ಬೆಂಚಿನ ಮೇಲೆ ಅತ್ತೆ ಒಬ್ಬರೇ, ಫೋನಿನ ಬೆನ್ನು ತಟ್ಟುತ್ತ, ತಟ್, ತಟ್. ಕೊನೆಯ ರೈಲು ಹೋದರೂ ಹೋಗಲಿ ಎನ್ನಬಹುದು, ಆದರೆ ಆ ಮುದುಕಿ ಮನೆಗೆ ಬಂದು ಕರವಸ್ತ್ರ ಬಿಚ್ಚಿ ಬಕೆಟಿಗೆ ಬೀಳಿಸಿದ್ದಕ್ಕೇ ಹೀಗಾಯ್ತು ಕಣೆ, ಅವರೆಲ್ಲ ಕರೆದಿದ್ರೇನೋ, ನನಗೆ ಕೇಳಿಸಲಿಲ್ಲ ಎಂದರೆ, ಆಗ ಏನು ಹೇಳುತ್ತೀಯೇ ಗಮನಕ್ಕ. ಓದಿ ಎಂದರು ನೀಲಿ ಟೈ.

ಓದಿದಳು. ಟಿಂಗ್ ಟಾಂಗ್, ದೀಪ ಹೊತ್ತಿತು, ಪ್ರಯಾಣಿಕರ ಗಮನಕ್ಕೆ, ತಾಂತ್ರಿಕ ದೋಷದಿಂದ, ಕೆಲವು ಫೋನುಗಳು, ಒಂದಕ್ಷರ ಬಿಡದೆ, ನಿಮ್ಮ ನಿಮ್ಮ ಫೋನುಗಳನ್ನು, ದನಿ ಯಾರದೋ ಅನಿಸಿತು, ಯಂತ್ರದ ಹೆಣ್ಣು ಎಂದರೆ ಹೀಗೇ ಇರಬೇಕು, ಬಾಯಿ ತೆರೆಯುತ್ತದೆ, ಹೊಟ್ಟೆಗೆ ಏನೂ ಗೊತ್ತಾಗುವುದಿಲ್ಲ, ಮನೆಗೆ ತೆರಳಿ. ಕೆಳಗೆ ಜನ ಮತ್ತೆ ತಂತಮ್ಮ ಫೋನು ತೆಗೆದರು, ಇಷ್ಟು ಹೊತ್ತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದವರು ತಲೆ ತಗ್ಗಿಸಿದರು, ಮಾಸಿದ ಕೋಟಿನ ಅಣ್ಣ ತಮ್ಮದನ್ನು ಬಾಗಿ ನೋಡಿ ತಲೆಯಾಡಿಸಿದರು, ಮತ್ತೆ ಅತ್ತೆ, ಅಯ್ಯೋ ಅತ್ತೆ, ಗೂಡಿನ ಕಡೆ ಕೈ ಎತ್ತಿದರು, ತುಟಿ ಅಲುಗಿದ್ದು ಇಲ್ಲಿಗೇ ಕಾಣಿಸಿತು, ಸರಿ ಕಣಮ್ಮ, ನೋಡ್ಕೋತೀನಿ, ನಂಬಿಯೇ ಬಿಟ್ಟರು, ಮೈಕಿನಲ್ಲಿ ಸುಳ್ಳು ಹೇಳದ ಸೊಸೆ ಹೇಳಿದಳಲ್ಲ, ಫೋನನ್ನು ಮತ್ತೆ ಬೋರಲು ಹಾಕಿದರು, ಇನ್ನೂ ಜೋರಾಗಿ ತಟ್ಟತೊಡಗಿದರು, ತಟ್ ತಟ್ ತಟ್, ತಪ್ಪು ಮಾಡಿದವರ ಅವಸರದಲ್ಲಿ. ಅವಳ ಎದೆಯ ಮೇಲೇ ಯಾರೋ ತಟ್ಟಿದ ಹಾಗಾಯಿತು. ಹಾಂ, ಮುಗೀತಲ್ಲ, ಇಷ್ಟೇ ಕೆಲಸ, ಎಂದು ನೀಲಿ ಟೈ ಟೈ ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿದರು — ಮುಗೀತು ಅಂದುಕೊಂಡರು, ಒಂದು ಸಲ ಕೇಳಿದ್ದಕ್ಕೇ ಮುಗೀತು ಅಂದುಕೊಂಡರು, ಇಷ್ಟು ದೊಡ್ಡ ಕಚೇರಿಯವರು, ಸ್ಟೇಷನ್ನುಗಳನ್ನೇ ಆಳುವವರು, ಯಾವತ್ತಾದರೂ ಪ್ಲಾಟ್‌ಫಾರ್ಮಿನಲ್ಲಿ ನಿಂತು ರೈಲು ಕಾದಿದ್ದರೆ ತಾನೇ ಗೊತ್ತಾಗುವುದು. ಮಾಸ್ತರಿಗೆ ಗೊತ್ತು. ಅವರು ಕೆಂಪು ದೀಪ ನೋಡಿದರು, ಇನ್ನೂ ಉರಿಯುತ್ತಿದೆ, ಅವಳ ಬೆರಳು ಗುಂಡಿ ಬಿಟ್ಟಿಲ್ಲ, ಒಂದು ಉಸಿರಿನ ಹೊತ್ತು ಅವಳ ಮುಖ ನೋಡಿದರು, ಕೈ ಹಿಸುಕುವುದು ನಿಂತಿತ್ತು, ಬನ್ನಿ ಸರ್, ಕೆಳಗಡೆ ಹೊಸ ನೀರಿನ ನಲ್ಲಿ ಹಾಕಿಸಿದೀವಿ, ತೋರಿಸ್ತೀನಿ, ಎಂದು ನೀಲಿ ಟೈಯನ್ನು ಹೊರಗೆ ಕರೆದುಕೊಂಡು, ಬಾಗಿಲನ್ನು ತಮ್ಮ ಹಿಂದೆ ಮೆಲ್ಲಗೆ, ಬಹಳ ಮೆಲ್ಲಗೆ, ಸದ್ದಾಗದ ಹಾಗೆ ಎಳೆದುಕೊಂಡರು. ಕೋಲು ಮುರಿದರೂ ಪರವಾಗಿಲ್ಲ ಎಂದು ಒಂದು ದಿನ ಈ ಮನುಷ್ಯನಿಗೂ ಅನಿಸಿತಲ್ಲ.

ಒಂದು ಉಸಿರು. ಜನ ಆ ಉಸಿರಲ್ಲೇ ತಲೆ ಎತ್ತೋದು ಮಗಳೇ, ಎಡಗೆನ್ನೆಯ ಪೆಪ್ಪರಮೆಂಟು, ಎತ್ತುತ್ತಿದ್ದಾರೆ, ಬೂದು ಟೋಪಿ, ಹಸಿರು ಸ್ಕಾರ್ಫು, ಸುತ್ತು ಹೊಡೆದವರು ಮತ್ತು ಅವರ ಟಿಕೆಟ್ಟಿಲ್ಲದ ಹೆಂಡತಿ, ಎರಡನೇ ಸಲಕ್ಕೆ ಕಾಯುತ್ತಿದ್ದಾರೆ, ಅವಳು ಎರಡನೇ ಸಲ ಹೇಳುತ್ತಾಳೆ ಎಂದು ಊರಿಗೆಲ್ಲ ಗೊತ್ತು — ಕೆಲಸ ಹೋದರೆ, ಹೋಗುತ್ತದೆ, ಗಂಡನ ಅಂಗಡಿಯಲ್ಲಿ ಕೂದಲು ಗುಡಿಸಿದರಾಯಿತು, ಮುಂದಿನವರು ಬನ್ನಿ, ಮುಂದಿನವರು ಬನ್ನಿ, ಎಂದು ಎರಡು ಸಲ ಕರೆದರಾಯಿತು, ನಗು ಬಂತು, ಈ ಹೊತ್ತಿನಲ್ಲಿ ನಗು, ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ, ಒಡೆದದ್ದು ಮೊದಲನೇ ಸಲವೇ ಒಡೆದಾಯಿತಲ್ಲ, ಇನ್ನು ಹೆದರಿಕೆ ಯಾತಕ್ಕೆ — ದನಿ ಬಂತು, ಅವಳದೇ ದನಿ, ಊಟಕ್ಕೆ ಕರೆಯುವ ದನಿ, ಪ್ರಯಾಣಿಕರ ಗಮನಕ್ಕೆ, ನಿಮ್ಮ ಫೋನು ಕೆಟ್ಟಿಲ್ಲ, ಯಾರದೂ ಕೆಟ್ಟಿಲ್ಲ, ನೀರಿಗೆ ಬಿದ್ದದ್ದೂ ಕೆಟ್ಟಿಲ್ಲ, ಹೊಸದೂ ಕೆಟ್ಟಿಲ್ಲ, ನಾಲ್ಕು ಗಂಟೆಗೆ ಆರ್ಡರು ಮಾಡಿ ಟವರು ನಿಲ್ಲಿಸಿದ್ದಾರೆ, ನೀವು ಒಬ್ಬರನ್ನೊಬ್ಬರು ಕರೆಯಬಾರದೆಂದು, ಈಗ ಕಳೆದುಹೋದವರ ಪ್ರಕಟಣೆ, ಕೊನೆಯ ರೈಲಿನವರು ಎಲ್ಲಿದ್ದರೂ ಎರಡನೇ ಪ್ಲಾಟ್‌ಫಾರ್ಮಿನ ಬೆಂಚಿನ ಬಳಿ ಬನ್ನಿ, ನಿಮಗಾಗಿ ಒಬ್ಬರು ಮೂರೂವರೆಯಿಂದ ಕಾಯುತ್ತಿದ್ದಾರೆ. ಗಡಿಯಾರದ ಬಳಿಯ ದಾದಿಯರು ತಿರುಗಿದರು, ಪಾತ್ರೆಯವರು ನಾಲ್ವರೂ ತಿರುಗಿದರು, ಮಾಸಿದ ಕೋಟು ಎದ್ದು ನಿಂತಿತು, ಹೊರಗೆ ಮೆಟ್ಟಿಲ ಮೇಲೆ ಯಾರೋ ವಾಪಸ್ಸು ಓಡಿ ಬರುವ ಬೂಟಿನ ಸದ್ದು, ಬರಲಿ, ಇದು ಹೊಸ ಪ್ರಕಟಣೆ, ಇದಕ್ಕೂ ಒಂದು ಎರಡನೇ ಸಲ ಉಂಟು, ಅದಕ್ಕೆ ಮುಂಚೆ ಒಂದು ಉಸಿರು, ಒಂದೇ, ದೀಪ ಕೆಂಪಗೆ ಉರಿಯುತ್ತಿದೆ, ಗಾಜಿನಾಚೆ ಅತ್ತೆ ಮುಖ ಮೇಲೆತ್ತಿದ್ದಾರೆ, ಎಡಗೈಯಲ್ಲಿ ಫೋನು, ಬಲಗೈಯ ಎರಡು ಬೆರಳು ಅದರ ಬೆನ್ನಿನಿಂದ ಒಂದು ಗೇಣು ಮೇಲೆ, ಗಾಳಿಯಲ್ಲಿ, ತಟ್ಟದೆ, ತಟ್ಟದೆ